ಓಡುವವನು ಮತ್ತು ಓಟಗಾರ: ಒಂದು ಧಾತುವಿನ ಅರ್ಥಚರಿತ್ರೆ

ಐಚ್ಛಿಕ ಕನ್ನಡದ ಭಾಷಾವಿಜ್ಞಾನ ಪತ್ರಿಕೆಯಲ್ಲಿ ‘ಅರ್ಥಪಲ್ಲಟ’ ಎಂಬ ಅಧ್ಯಾಯವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ದಿನಗಳಲ್ಲಿ ಓದಿ ಮುಗಿಸುತ್ತಾರೆ. ಅರ್ಥವಿಸ್ತಾರಕ್ಕೆ ‘ಎಣ್ಣೆ’, ಅರ್ಥಸಂಕೋಚಕ್ಕೆ ‘ಮೃಗ’ ಎಂಬ ಉದಾಹರಣೆಗಳು ಕಂಠಸ್ಥವಾಗಿರುತ್ತವೆ. ಎಳ್ಳಿನ ನೆಯ್ ಎಂಬ ಒಂದೇ ಪದಾರ್ಥವನ್ನು ಹೇಳುತ್ತಿದ್ದ ಮಾತು ಎಲ್ಲ ಬಗೆಯ ಎಣ್ಣೆಗೂ ಹಬ್ಬಿತು. ಎಲ್ಲ ಪ್ರಾಣಿಗಳನ್ನೂ ಹೇಳುತ್ತಿದ್ದ ‘ಮೃಗ’ ಸಂಸ್ಕೃತದಲ್ಲಿ ಜಿಂಕೆಯೊಂದಕ್ಕೇ ನಿಂತಿತು. ಉತ್ತರಪತ್ರಿಕೆಗೆ ಇಷ್ಟು ಸಾಕು. ಆದರೆ ಶಬ್ದವೊಂದು ತನ್ನ ಅರ್ಥವನ್ನು ಏಕೆ ಬದಲಿಸಿಕೊಳ್ಳುತ್ತದೆ, ಆ ಬದಲಾವಣೆಯ ಹಿಂದೆ ಯಾವ ಜನರ ಯಾವ ಬದುಕು ಇರುತ್ತದೆ ಎಂಬ ಪ್ರಶ್ನೆಯನ್ನು ಈ ಎರಡು ಉದಾಹರಣೆಗಳು ಎಬ್ಬಿಸುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದೇ ಧಾತುವನ್ನು ಎತ್ತಿಕೊಂಡು ಅದರ ಜಾಡಿನಲ್ಲಿ ನಡೆಯೋಣ. ಆ ಧಾತು ‘ಓಡು’. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕಟ್ಟಿಕೊಳ್ಳೋಣ: ಓಡುವವರೆಲ್ಲರೂ ಓಟಗಾರರೆ? ಅಲ್ಲವಾದರೆ, ನಿಷ್ಠೆಯ ಓಟಗಾರ ಎಂದು ಯಾರನ್ನು ಕರೆಯಬೇಕು?

1. ಧಾತುವೂ ಅದರ ನೆರೆಹೊರೆಯೂ

ಮೊದಲು ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಓಡು’ ಎಂಬ ನಾಮಪದವೂ ಇದೆ. ಅದರ ಅರ್ಥ ಮಡಕೆಯ ಚೂರು, ತಲೆಯೋಡು ಇತ್ಯಾದಿ. ಇದು ರೂಪದಲ್ಲಿ ಮಾತ್ರ ಒಂದು, ಅರ್ಥದಲ್ಲಿ ಬೇರೆ. ಇದನ್ನು ಬದಿಗಿಟ್ಟು ಕ್ರಿಯಾಧಾತುವನ್ನಷ್ಟೇ ಗಮನಿಸೋಣ.

ಕ್ರಿಯಾಧಾತು ‘ಓಡು’ ಎಂಬುದಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ. ಒಂದು, ವೇಗವಾಗಿ ಸಾಗು. ಇನ್ನೊಂದು, ಭಯದಿಂದ ಅಥವಾ ನಾಚಿಕೆಯಿಂದ ಸ್ಥಳ ಬಿಟ್ಟು ಹೋಗು, ಪಲಾಯನ ಮಾಡು. ‘ಮಗು ಓಡಿ ಬಂದಿತು’ ಎಂದರೆ ಸಂತೋಷ. ‘ಮಗ ಓಡಿ ಹೋದ’ ಎಂದರೆ ಮನೆಯಲ್ಲಿ ದುಃಖ. ‘ಓಟ ಕಿತ್ತ’ ಎಂಬ ನುಡಿಗಟ್ಟಿನಲ್ಲಿ ಗೌರವದ ಲವಲೇಶವೂ ಇಲ್ಲ. ಅದೇ ಧಾತು ಬೇರೆಡೆ ಯಶಸ್ಸನ್ನು ಹೇಳುತ್ತದೆ: ‘ಸಿನಿಮಾ ನೂರು ದಿನ ಓಡಿತು’. ‘ಅವನ ತಲೆ ಚೆನ್ನಾಗಿ ಓಡುತ್ತದೆ’ ಎಂಬುದು ಮೆಚ್ಚುಗೆಯ ಮಾತು. ಸಿನಿಮಾ, ತಲೆ, ಬಂಡಿ ಓಡಿದರೆ ಒಳ್ಳೆಯದು. ಮನುಷ್ಯ ಓಡಿದರೆ ಮಾತ್ರ ಎಲ್ಲಿಂದ, ಎಲ್ಲಿಗೆ ಎಂದು ಕೇಳಬೇಕಾಗುತ್ತದೆ.

ಈಗ ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಗೆ ಬರೋಣ. 2022ರ ಏಪ್ರಿಲಿನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಎರಡಕ್ಕೂ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಚಾಚಿಕೊಂಡಿದೆ. ಪಾವಗಡದ ಮಾರ್ಗವಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವವನು ಆಂಧ್ರದಲ್ಲಿ ಹೊರಟು, ಕರ್ನಾಟಕವನ್ನು ದಾಟಿ, ಮತ್ತೆ ಆಂಧ್ರವನ್ನು ಮುಟ್ಟುತ್ತಾನೆ. ಗಡಿಗೆ ಇಲ್ಲಿ ಭಾಷೆಯ ನೆನಪಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ಕುಟುಂಬಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಇಂಥ ಮನೆಯ ಹುಡುಗನ ಕಿವಿಯಲ್ಲಿ ‘ಓಡು’ ಎಂಬ ಧ್ವನಿ ಎರಡು ಅರ್ಥಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಏಕೆಂದರೆ ತೆಲುಗಿನಲ್ಲಿ ‘ಓಡು’ ಎಂದರೆ ಸೋಲು. ‘ಓಡಿಪೋವು’ ಎಂದರೆ ಸೋತುಹೋಗು. ‘ಓಟಮಿ’ ಎಂದರೆ ಪರಾಜಯ. ಕನ್ನಡದಲ್ಲಿ ‘ಅವನು ಓಡಿದ’ ಎಂದರೆ ಪಂದ್ಯದಲ್ಲಿ ಭಾಗವಹಿಸಿದ ಎಂದಾಯಿತು; ತೆಲುಗಿನಲ್ಲಿ ಅದೇ ಧಾತುವಿನಿಂದ ಹೊರಟ ಕ್ರಿಯಾಪದ ಪಂದ್ಯದ ಫಲಿತಾಂಶವನ್ನೇ ಹೇಳಿಬಿಡುತ್ತದೆ.

ಇದು ಆಕಸ್ಮಿಕವಾದ ಧ್ವನಿಸಾಮ್ಯವಲ್ಲ. ಬರೋ ಮತ್ತು ಎಮನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು ತಮಿಳಿನ, ಕನ್ನಡದ ಮತ್ತು ತೆಲುಗಿನ ಈ ರೂಪಗಳನ್ನು ಒಂದೇ ಮೂಲದ ಕೆಳಗೆ ಸೇರಿಸುತ್ತದೆ. ಹಾದಿಯನ್ನು ಊಹಿಸುವುದು ಕಷ್ಟವಲ್ಲ. ರಣರಂಗದಲ್ಲಿ ಓಡುವವನು ಸೋತವನು. ಓಡುವುದು ಸೋಲಿನ ಕಣ್ಣಿಗೆ ಕಾಣುವ ಗುರುತು. ಗುರುತೇ ಕ್ರಮೇಣ ಅರ್ಥವಾಯಿತು. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಇದು ಅರ್ಥಸಂಕೋಚವೂ ಹೌದು, ಹೀನಾರ್ಥಪ್ರಾಪ್ತಿಯೂ ಹೌದು. ಹಾಗಾದರೆ ತೆಲುಗರು ಓಡುವುದಕ್ಕೆ ಏನೆನ್ನುತ್ತಾರೆ? ‘ಪರುಗು’, ‘ಪರುಗೆತ್ತು’. ಇದರ ಬಂಧು ನಮ್ಮಲ್ಲಿಯೂ ಇದೆ. ಹಳಗನ್ನಡದ ‘ಪರಿ’ ಧಾತುವಿಗೆ ಓಡು, ಪ್ರವಹಿಸು ಎಂಬ ಅರ್ಥಗಳಿದ್ದವು. ಪಕಾರ ಹಕಾರವಾಗಿ ಅದು ‘ಹರಿ’ ಆಯಿತು. ಹೊಸಗನ್ನಡದಲ್ಲಿ ಮನುಷ್ಯನನ್ನು ಬಿಟ್ಟು ನೀರಿಗೆ ಸೀಮಿತವಾಯಿತು. ಇಂದು ಹೊಳೆ ಹರಿಯುತ್ತದೆ, ಮನುಷ್ಯ ಓಡುತ್ತಾನೆ. ನೆರೆಯ ಎರಡು ಭಾಷೆಗಳು ಎರಡು ಧಾತುಗಳನ್ನು ಹಂಚಿಕೊಂಡು, ಒಂದೊಂದನ್ನು ಒಂದೊಂದು ಕೆಲಸಕ್ಕೆ ಹಚ್ಚಿದ ಬಗೆ ಇದು.

ಮೂರನೆಯ ನೆರೆಯಾದ ಮರಾಠಿಯನ್ನೂ ಇಲ್ಲಿ ಸೇರಿಸಿಕೊಳ್ಳುವುದು ಉಚಿತ. ಎರಡೂ ಭಾಷೆಗಳಲ್ಲಿ ಪಾಠ ಕೇಳಿದ ನನ್ನಂಥವರಿಗೆ ಮರಾಠಿಯ ವ್ಯವಸ್ಥೆ ಮೊದಲಿನಿಂದಲೂ ಬೆರಗಿನ ವಿಷಯ. ಮರಾಠಿಯಲ್ಲಿ ‘ಪಳಣೆ’ ಮತ್ತು ‘ಧಾವಣೆ’ ಎಂಬ ಎರಡು ಕ್ರಿಯಾಪದಗಳಿವೆ. ಎರಡೂ ಓಡುವುದನ್ನೇ ಹೇಳುತ್ತವೆ. ಆದರೆ ಪಲಾಯನಕ್ಕೆ ‘ಪಳೂನ್ ಜಾಣೆ’ ಎನ್ನುತ್ತಾರೆ. ಸಹಾಯಕ್ಕೆ ಓಡಿ ಬರುವುದಕ್ಕೆ ‘ಧಾವೂನ್ ಯೇಣೆ’ ಎನ್ನುತ್ತಾರೆ. ಕ್ರೀಡೆಯ ಓಟಗಾರನಿಗೆ ‘ಧಾವಪಟು’ ಎಂಬ ಹೆಸರಿದೆ. ಸಂಕಟದಲ್ಲಿ ದೇವರನ್ನು ಕೂಗಿ ಕರೆಯುವುದಕ್ಕೆ ‘ಧಾವಾ’ ಎಂದೇ ಹೆಸರು. ಅಲ್ಲಿ ಭಕ್ತ ನಿಂತಿರುತ್ತಾನೆ, ಓಡಿ ಬರಬೇಕಾದವನು ದೇವರು. ಪಂಢರಪುರದ ವಾರಿಯಲ್ಲಿ ವೇಳಾಪುರದ ಬಳಿ ವಾರಕರಿಗಳು ಇಳಿಜಾರಿನಲ್ಲಿ ಓಡುವ ಸಂಪ್ರದಾಯಕ್ಕೂ ‘ಧಾವಾ’ ಎಂಬ ಹೆಸರೇ. ವಿಠ್ಠಲನ ಊರು ಹತ್ತಿರವಾಯಿತೆಂಬ ಹಿಗ್ಗಿನ ಓಟ ಅದು. ಕನ್ನಡವು ‘ಬಾ’, ‘ಹೋಗು’ ಎಂಬ ಸಹಾಯಕ ಕ್ರಿಯೆಗಳಿಂದ ಮಾಡುವ ಭೇದವನ್ನು ಮರಾಠಿಯು ಧಾತುಗಳಿಂದಲೇ ಮಾಡುವ ಒಲವನ್ನು ತೋರುತ್ತದೆ. ನಮ್ಮಲ್ಲಿಯೂ ‘ಧಾವಿಸು’ ಎಂಬ ಸಂಸ್ಕೃತಜನ್ಯ ರೂಪವಿದೆ. ಗಮನಿಸಿ, ಕಳ್ಳನು ‘ಧಾವಿಸಿದನು’ ಎಂದು ನಾವು ಸಾಮಾನ್ಯವಾಗಿ ಬರೆಯುವುದಿಲ್ಲ. ನೆರವಿಗೆ ಬರುವವನು ಧಾವಿಸುತ್ತಾನೆ.

2. ಅರ್ಥವಿಜ್ಞಾನಿಯೂ ಮ್ಯಾರಥಾನೂ

ಅರ್ಥಪಲ್ಲಟದ ಅಧ್ಯಾಯಕ್ಕೂ ಓಟಕ್ಕೂ ಇನ್ನೊಂದು ಸಂಬಂಧವಿದೆ. ಶಬ್ದಾರ್ಥಗಳ ಬದಲಾವಣೆಯನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡುವ ಶಾಖೆಗೆ ‘ಸೆಮಾಂಟಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್. ಅವನ ಅರ್ಥವಿಜ್ಞಾನದ ಗ್ರಂಥ ಪ್ರಕಟವಾದದ್ದು 1897ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ, ಮ್ಯಾರಥಾನ್ ಊರಿನಿಂದ ಅಥೆನ್ಸಿನವರೆಗೆ ದೂರ ಓಟದ ಸ್ಪರ್ಧೆಯನ್ನು ಏರ್ಪಡಿಸಬೇಕೆಂದು ಸೂಚಿಸಿ, ಗೆದ್ದವನಿಗೆ ಬೆಳ್ಳಿಯ ಬಟ್ಟಲನ್ನು ಕೊಟ್ಟವನೂ ಅವನೇ. ಆ ಬಟ್ಟಲನ್ನು ಪಡೆದವನು ಗ್ರೀಸಿನ ಸ್ಪಿರಿಡಾನ್ ಲೂಯಿಸ್. ಕ್ರಿ.ಪೂ. 490ರ ಯುದ್ಧದ ವಿಜಯವಾರ್ತೆಯನ್ನು ಅಥೆನ್ಸಿಗೆ ಮುಟ್ಟಿಸಿ ಪ್ರಾಣಬಿಟ್ಟ ಓಟಗಾರನ ಕಥೆ ಈ ಸ್ಪರ್ಧೆಯ ಮೂಲ. ಯುದ್ಧಕ್ಕೆ ಸಮೀಪದ ಇತಿಹಾಸಕಾರನಾದ ಹೆರೊಡೊಟಸನಲ್ಲಿ ಈ ಕಥೆ ಇಲ್ಲ. ಅವನು ಹೇಳುವುದು ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡಿದ ದೂತನ ವಿಷಯ. ವಾರ್ತೆ ಹೇಳಿ ಸತ್ತ ಕಥೆ ಶತಮಾನಗಳ ಅನಂತರ ಪ್ಲುಟಾರ್ಕ್, ಲೂಷಿಯನ್ ಮುಂತಾದವರಲ್ಲಿ ಬರುತ್ತದೆ. ಶಬ್ದಗಳಂತೆ ಕಥೆಗಳೂ ಅರ್ಥವನ್ನು ಬದಲಿಸಿಕೊಳ್ಳುತ್ತವೆ. ಒಂದು ಊರಿನ ಹೆಸರು ಓಟದ ಹೆಸರಾಗಿ, ಈಗ ‘ಮ್ಯಾರಥಾನ್ ಸಭೆ’ ಎಂದು ದೀರ್ಘವಾದ ಯಾವುದಕ್ಕಾದರೂ ವಿಶೇಷಣವಾಗಿದೆ. ಇದು ಅರ್ಥವಿಸ್ತಾರಕ್ಕೆ ‘ಎಣ್ಣೆ’ಗಿಂತ ಹೊಸತಾದ ಉದಾಹರಣೆ.

3. ಕಾವ್ಯದಲ್ಲಿ ಓಟ

ನಮ್ಮ ಪ್ರಾಚೀನ ಸಾಹಿತ್ಯ ಓಟವನ್ನು ಅನುಮಾನದಿಂದ ನೋಡಿತು. ವೀರಗಲ್ಲುಗಳ ಭಾಷೆಯನ್ನು ನೆನೆಯಿರಿ. ಹಿಂದೂಪುರದ ಪಶ್ಚಿಮಕ್ಕೆ, ಮಡಕಶಿರದ ಆಚೆ ಇರುವ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ತುರುಗಳನ್ನು ಕಾಯಲು, ಊರನ್ನು ಉಳಿಸಲು ಹೋರಾಡಿದ ವೀರರ ಕಲ್ಲುಗಳು ಕನ್ನಡ ಸೀಮೆಯ ಉದ್ದಗಲಕ್ಕೂ ಇವೆ. ‘ಇಱಿದು ಸತ್ತನ್’ ಎಂಬುದು ಆ ಶಾಸನಗಳ ಹೆಮ್ಮೆಯ ಮಾತು. ನಿಂತು ಇರಿದವನಿಗೆ ಕಲ್ಲು, ಓಡಿದವನಿಗೆ ಕಲ್ಲಿಲ್ಲ.

ಓಡಿದ ನಾಯಕನನ್ನು ಕಾವ್ಯ ಹೇಗೆ ನಡೆಸಿಕೊಳ್ಳುತ್ತದೆಂಬುದಕ್ಕೆ ರನ್ನನ ‘ಗದಾಯುದ್ಧ’ವನ್ನು ನೋಡಬಹುದು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವುದು ಭೀಷ್ಮನ ಸಲಹೆಯಂತೆಯೇ ಆದರೂ, ಅಡಗಿದ್ದಾನೆಂಬುದೇ ಅವನ ಪಾಲಿಗೆ ಅಸಹ್ಯವಾದ ಆರೋಪವಾಗುತ್ತದೆ. ಭೀಮನ ಮೂದಲಿಕೆಗೆ ಅವನು ನೀರಿನಿಂದ ಮೇಲೇಳುವುದು ರಾಜ್ಯದ ಆಸೆಯಿಂದಲ್ಲ, ಓಡಿದವನೆಂಬ ಹೆಸರನ್ನು ತಾಳಲಾರದೆ.

ಇದಕ್ಕಿಂತ ಪಾಠಯೋಗ್ಯವಾದುದು ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರನ ಪ್ರಸಂಗ. ಹೆಂಗಳೆಯರ ನಡುವೆ ಜಂಬ ಕೊಚ್ಚಿದ ರಾಜಕುಮಾರ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯ ವೇಷದಲ್ಲಿದ್ದ ಬೃಹನ್ನಳೆ ಅವನ ಹಿಂದೆ ಓಡಿ ಹಿಡಿಯುತ್ತಾಳೆ. ಈ ದೃಶ್ಯವನ್ನು ನಾವು ನಕ್ಕು ಮುಗಿಸುತ್ತೇವೆ. ಆದರೆ ಅಲ್ಲಿ ಎರಡು ಓಟಗಳಿವೆ. ಒಂದೇ ಬಯಲು, ಒಂದೇ ದಿಕ್ಕು, ಹೆಚ್ಚುಕಡಿಮೆ ಒಂದೇ ವೇಗ. ಉತ್ತರನ ಓಟ ಕೆಲಸದಿಂದ ದೂರಕ್ಕೆ. ಅರ್ಜುನನ ಓಟ ಕೆಲಸದ ಕಡೆಗೆ. ಮರಾಠಿಯವರು ಎರಡು ಬೇರೆ ಕ್ರಿಯಾಪದಗಳನ್ನು ಹುಡುಕುವ ಸ್ಥಳ ಅದು. ಕನ್ನಡದ ಕವಿಗೆ ಒಂದೇ ಧಾತುವಿನಲ್ಲಿ ಎರಡನ್ನೂ ಹೇಳುವ ಅವಕಾಶ. ಮುಂದೆ ಇದೇ ಉತ್ತರ ಅರ್ಜುನನಿಗೆ ಸಾರಥಿಯಾಗಿ ನಿಲ್ಲುತ್ತಾನೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಎದುರು ಹೋರಾಡಿ ಸಾಯುತ್ತಾನೆ. ಓಡಿಹೋದವನು ಓಡಿಹೋದವನಾಗಿಯೇ ಉಳಿಯಬೇಕಾಗಿಲ್ಲ ಎಂಬುದನ್ನು ಮಹಾಭಾರತ ಮರೆಯುವುದಿಲ್ಲ. ನಮ್ಮ ಪಠ್ಯಭಾಗ ಮಾತ್ರ ನಗುವಿಗೇ ನಿಂತುಬಿಡುತ್ತದೆ.

4. ‘ಗಾರ’ ಎಂಬ ಪ್ರತ್ಯಯ

ಹೀಗೆ ಕಳಂಕ ಹೊತ್ತ ಧಾತುವಿನಿಂದ ‘ಓಟಗಾರ’ ಎಂಬ ಗೌರವದ ಮಾತು ಹೇಗೆ ಹುಟ್ಟಿತು? ಇಲ್ಲಿ ವ್ಯಾಕರಣ ನೆರವಿಗೆ ಬರುತ್ತದೆ. ಆಡು–ಆಟ, ನೋಡು–ನೋಟ, ಕೂಡು–ಕೂಟ, ಕಾಡು–ಕಾಟ ಎಂಬಂತೆ ಓಡು–ಓಟ ಎಂಬುದು ಭಾವನಾಮ. ಅದಕ್ಕೆ ‘ಗಾರ’ ಎಂಬ ತದ್ಧಿತ ಪ್ರತ್ಯಯ ಸೇರಿ ‘ಓಟಗಾರ’ ಆಯಿತು, ಸ್ತ್ರೀಲಿಂಗದಲ್ಲಿ ‘ಓಟಗಾರ್ತಿ’. ಬಳೆಗಾರ, ಮಾಲೆಗಾರ, ಹಾಡುಗಾರ ಎಂಬಲ್ಲಿಯೂ ಇದೇ ಪ್ರತ್ಯಯ.

‘ಓಡುವವನು’ ಎಂಬುದು ಕೃದಂತನಾಮ. ಅದರಲ್ಲಿ ಕಾಲವಿದೆ: ಓಡಿದವನು, ಓಡುವವನು. ಕ್ರಿಯೆ ನಡೆಯುತ್ತಿರುವವರೆಗೆ ಆ ಹೆಸರು. ನಿಂತ ಕೂಡಲೇ ಬೇರೆ ಹೆಸರು. ‘ಓಟಗಾರ’ ಎಂಬಲ್ಲಿ ಕಾಲವಿಲ್ಲ. ಬಳೆಗಾರ ನಿದ್ರಿಸುತ್ತಿರುವಾಗಲೂ ಬಳೆಗಾರನೇ. ಒಂದು ಸಲ ಹಾಡಿದವನನ್ನು ಹಾಡುಗಾರ ಎನ್ನುವುದಿಲ್ಲ. ಹಾಗೆಯೇ ಒಂದು ದಿನ ಬಸ್ಸು ಹಿಡಿಯಲು ಓಡಿದವನು ಓಟಗಾರನಲ್ಲ. ‘ಗಾರ’ ಪ್ರತ್ಯಯವು ಕ್ರಿಯೆಯನ್ನು ಶೀಲವಾಗಿ, ವೃತ್ತಿಯಾಗಿ ಪರಿವರ್ತಿಸುತ್ತದೆ. ಹೀಗೆ ನಿಷ್ಠೆಯ ಓಟಗಾರನೆಂದರೆ ಯಾರು ಎಂಬ ಪ್ರಶ್ನೆಗೆ ಮೊದಲ ಉತ್ತರವನ್ನು ಪ್ರತ್ಯಯವೇ ಕೊಡುತ್ತದೆ: ಓಡದಿರುವ ಹೊತ್ತಿನಲ್ಲಿಯೂ ಯಾರ ಊಟ, ನಿದ್ರೆ, ದಿನಚರಿಗಳನ್ನು ಓಟವೇ ನಿರ್ಧರಿಸುತ್ತದೆಯೋ ಅವನು.

ಕನ್ನಡ ನಾಡಿನಲ್ಲಿ ಓಟವೇ ವೃತ್ತಿಯಾಗಿದ್ದವರು ಅಂಚೆಯ ಆಳುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಥಾಪಿಸಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೆ ನಡೆಯಿತು. ‘ಅಂಚೆ’ ಎಂಬುದು ‘ಹಂಸ’ದ ತದ್ಭವವೆಂದು ನೀವು ಓದಿದ್ದೀರಿ, ಸಂದೇಶ ಒಯ್ಯುವ ಹಂಸದಿಂದಲೇ ಟಪಾಲಿಗೆ ಈ ಹೆಸರು ಬಂತೆಂಬ ವಿವರಣೆ ಜನಪ್ರಿಯವಾಗಿದೆ. ಹಂಸ ಹಾರಿತು, ಆಳು ಓಡಿದ. ಈಟಿಯಂಥ ಕೋಲಿಗೆ ಗೆಜ್ಜೆ ಕಟ್ಟಿಕೊಂಡು, ಚೀಲ ಹೊತ್ತು, ಕಾಡುಮೇಡುಗಳಲ್ಲಿ ಓಡಿ, ಮುಂದಿನ ಕಟ್ಟೆಯಲ್ಲಿ ಕಾದವನಿಗೆ ಚೀಲವನ್ನು ಒಪ್ಪಿಸುವುದು ಭಾರತದ ಟಪಾಲು ಓಟಗಾರರ ಕ್ರಮವಾಗಿತ್ತು. ಅವನ ಓಟಕ್ಕೆ ಪ್ರೇಕ್ಷಕರಿರಲಿಲ್ಲ, ಪದಕವಿರಲಿಲ್ಲ. ಕಾಗದದ ಒಳಗೇನಿದೆಯೆಂಬುದೂ ಅವನಿಗೆ ಗೊತ್ತಿರಲಿಲ್ಲ. ಇಂಥವನಿಗೆ ಪಾರಸಿಯಿಂದ ಬಂದ ‘ಹರಕಾರ’ ಎಂಬ ಹೆಸರೂ ಇತ್ತು. ಅದೇ ಶಬ್ದ ಇಂದು ‘ಹರಿಕಾರ’ವಾಗಿ, ‘ನವೋದಯದ ಹರಿಕಾರ’ ಎಂಬಂತೆ, ಹೊಸ ಯುಗಕ್ಕೆ ನಾಂದಿ ಹಾಡಿದ ಮಹನೀಯರಿಗೆ ಸಲ್ಲುತ್ತಿದೆ. ಉತ್ತಮಾರ್ಥಪ್ರಾಪ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೂಲಿಗೆ ಓಡಿದ ಆಳಿನ ಹೆಸರು ನಮ್ಮ ವಿಮರ್ಶೆಯ ಅತ್ಯುನ್ನತ ಬಿರುದುಗಳಲ್ಲಿ ಒಂದಾಗಿದೆ. ಕೊಡುವಾಗ ಆ ಆಳನ್ನು ಒಮ್ಮೆ ನೆನೆಯಬೇಕು.

5. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ

ಈಗ ವ್ಯಾಕರಣದಿಂದ ಒಬ್ಬ ಮನುಷ್ಯನ ಕಡೆಗೆ ಬರೋಣ. ಭಾರತವು ತಂಡವೊಂದನ್ನು ಕಳುಹಿಸಿದ ಮೊದಲ ಒಲಿಂಪಿಕ್ಸ್ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ನಡೆಯಿತು. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ಓಟಗಾರರು ಬರಿಗಾಲಿನಲ್ಲಿ ಓಡಿದುದನ್ನು ಕಂಡ ದೊರಾಬ್ಜಿ ಟಾಟಾ, ಇವರು ಹೊರದೇಶದ ಸ್ಪರ್ಧಿಗಳಿಗೆ ಸಮೀಪರಾದವರೆಂದು ಮನಗಂಡು, ಮುಂಬಯಿಯ ಗವರ್ನರರ ನೆರವಿನಿಂದಲೂ ತಮ್ಮ ಹಣದಿಂದಲೂ ಅವರನ್ನು ಕಳುಹಿಸುವ ಏರ್ಪಾಡು ಮಾಡಿದರು. ಆ ಚಿಕ್ಕ ತಂಡದಲ್ಲಿ ದೂರ ಓಟಕ್ಕೆ ಆಯ್ಕೆಯಾದವರಲ್ಲಿ ಒಬ್ಬನು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಹೆಸರನ್ನೇ ಒಂದು ಪಾಠವಾಗಿ ಓದಬಹುದು. ‘ಅಪ್ಪ’ ಎಂಬ ಕನ್ನಡದ ಗೌರವಪದ ಮಗನ ಹೆಸರಿನಲ್ಲಿಯೂ ತಂದೆಯ ಹೆಸರಿನಲ್ಲಿಯೂ ಇದೆ. ಅಡ್ಡಹೆಸರು ‘ಚೌಗುಲೆ’, ಪಾಟೀಲನಿಗೆ ಸಹಾಯಕನಾದ ಗ್ರಾಮಾಧಿಕಾರಿಗೆ ಮರಾಠಿಯಲ್ಲಿ ‘ಚೌಗುಲಾ’ ಎನ್ನುತ್ತಾರೆ. ಮುಂಬಯಿ ಪ್ರಾಂತ್ಯದ ಬೆಳಗಾವಿ ಹೇಗಿತ್ತೆಂಬುದನ್ನು ಮೂರು ಶಬ್ದಗಳ ಈ ಹೆಸರು ತಿಳಿಸುತ್ತದೆ. ಎರಡು ಭಾಷೆಗಳು ಒಬ್ಬನ ಮೈಮೇಲೆ ಜಗಳವಿಲ್ಲದೆ ಕುಳಿತಿವೆ.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಆ ವರ್ಷ ನಿಗದಿಪಡಿಸಿದ ದೂರ 42.75 ಕಿ.ಮೀ.; ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯಿನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದನು. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ 19ನೆಯವನಾಗಿ ಗುರಿ ಮುಟ್ಟಿದನು. ಅದೇ ಓಟದಲ್ಲಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಓಟವನ್ನು ಪೂರ್ಣಗೊಳಿಸಲಾಗಲಿಲ್ಲ.

ಈ ಅಂಕಿಗಳನ್ನು ನಮ್ಮ ಸೀಮೆಯ ಅಳತೆಗೆ ತಂದು ನೋಡಿ. ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿ.ಮೀ. ಹೋಗಿ, ಬಂದು, ಮತ್ತೆ ಹೋದರೆ ಹೆಚ್ಚುಕಡಿಮೆ ಆ ದೂರ. ಚೌಗುಲೆಯ ಸರಾಸರಿ ವೇಗ ಒಂದು ಕಿಲೋಮೀಟರಿಗೆ ಸುಮಾರು 4 ನಿಮಿಷ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ಓಡುವ ತರುಣರು ನಿಮ್ಮಲ್ಲಿಯೇ ಇದ್ದೀರಿ. ಅವನು ಅಂಥ ಪ್ರತಿ 1600 ಮೀಟರನ್ನು ಆರೂವರೆ ನಿಮಿಷದೊಳಗೆ, ನಿಲ್ಲದೆ, 26ಕ್ಕೂ ಹೆಚ್ಚು ಸಲ ಓಡಿದಂತಾಯಿತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಸಮುದ್ರದಾಚೆಯ ಅಪರಿಚಿತ ಬೀದಿಗಳಲ್ಲಿ.

19ನೆಯ ಸ್ಥಾನಕ್ಕೆ ಪದಕವಿಲ್ಲ. ಗೆದ್ದವನಿಗಿಂತ 18 ನಿಮಿಷ ಹಿಂದೆ ಬಂದವನನ್ನು ತೆಲುಗಿನ ‘ಓಡು’ ಧಾತು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ಅವನು ಸೋತವನು. ಕನ್ನಡದ ‘ಓಡು’ ಧಾತು ಅವನನ್ನು ಬೇರೆ ಬಗೆಯಾಗಿ ನೋಡಬಲ್ಲುದು. ಮೊದಲ ಸ್ಥಾನ ಕೈತಪ್ಪಿದೆಯೆಂದು ಯಾವುದೋ ಒಂದು ತಿರುವಿನಲ್ಲಿ ಅವನಿಗೆ ತಿಳಿದಿರಲೇಬೇಕು. ಮ್ಯಾರಥಾನಿನಲ್ಲಿ ಇದು ಓಟ ಮುಗಿಯುವ ಬಹಳ ಮೊದಲೇ ತಿಳಿದುಹೋಗುತ್ತದೆ. ಅಲ್ಲಿಂದ ಮುಂದಿನ ದೂರವನ್ನು ಅವನು ಯಾವುದಕ್ಕಾಗಿ ಓಡಿದ? ಪದಕಕ್ಕಲ್ಲ. ಹೊರಟ ಓಟವನ್ನು ಮುಗಿಸುವುದು ಓಟಗಾರನ ಧರ್ಮವೆಂದು ಓಡಿದ. ಸೋಲು ಖಚಿತವಾದ ಅನಂತರದ ದೂರದಲ್ಲಿಯೇ ‘ಓಡುವವನು’ ಮತ್ತು ‘ಓಟಗಾರ’ ಬೇರೆಯಾಗುತ್ತಾರೆಂದು ನನಗೆ ತೋರುತ್ತದೆ.

6. ನಿಷ್ಠೆ ಎಂದರೆ ನಿಲ್ಲುವುದು

‘ನಿಷ್ಠೆ’ ಎಂಬ ಶಬ್ದವನ್ನು ಒಡೆದು ನೋಡಿ. ‘ನಿ’ ಉಪಸರ್ಗ, ‘ಸ್ಥಾ’ ಧಾತು. ಸ್ಥಾ ಎಂದರೆ ನಿಲ್ಲು. ನಿಷ್ಠೆಯೆಂದರೆ ಗಟ್ಟಿಯಾಗಿ ನಿಲ್ಲುವುದು. ಹಾಗಾದರೆ ‘ನಿಷ್ಠೆಯ ಓಟಗಾರ’ ಎಂಬುದರಲ್ಲಿ ನಿಲ್ಲುವುದೂ ಓಡುವುದೂ ಒಟ್ಟಿಗಿವೆ, ಓಟದಲ್ಲಿಯೇ ನಿಂತವನು. ವೀರಗಲ್ಲಿನ ವೀರ ನಿಂತು ಇರಿದ. ಇವನು ನಿಂತು ಓಡುತ್ತಾನೆ. ಕನ್ನಡದ ಹಳೆಯ ಅನುಮಾನಕ್ಕೆ ಇಲ್ಲಿ ಸಮಾಧಾನ ದೊರೆಯುತ್ತದೆ.

ಷಟ್‌ಸ್ಥಲದ ಕ್ರಮವನ್ನು ಓದಿದವರಿಗೆ ಇನ್ನೊಂದು ಹೊಳಹು ಸಿಗುತ್ತದೆ. ಆರು ಸ್ಥಲಗಳಿಗೆ ಆರು ಭಕ್ತಿಗಳು: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಭಕ್ತಸ್ಥಲದಲ್ಲಿ ಶ್ರದ್ಧೆ, ಮಾಹೇಶ್ವರಸ್ಥಲದಲ್ಲಿ ನಿಷ್ಠೆ. ಶ್ರದ್ಧೆಯಿಂದ ಆರಂಭಿಸುವುದು ಎಲ್ಲರಿಗೂ ಸಾಧ್ಯ. ಜನವರಿಯ ಮೊದಲ ವಾರ ಮೈದಾನಗಳಲ್ಲಿ ಕಾಣುವ ಜನಸಂದಣಿ ಶ್ರದ್ಧೆಯದು. ಬೇಸರ ಬಂದ ಮೇಲೆ, ಫಲ ಕಾಣದ ಮೇಲೆ, ನೋಡುವವರು ನಕ್ಕ ಮೇಲೆ ಉಳಿಯುವುದು ನಿಷ್ಠೆ. ಅದರ ಮುಂದಿನ ಮೆಟ್ಟಿಲು ಅವಧಾನ, ಅಂದರೆ ಎಚ್ಚರ. ಕಾಲು ಊತವನ್ನು ಲೆಕ್ಕಿಸದೆ ಓಡುವುದು ನಿಷ್ಠೆಯೆಂದು ತಿಳಿಯುವವರಿದ್ದಾರೆ, ಅದು ಹಟ. ಮೈಯ ಮಾತನ್ನು ಕೇಳಿ, ಎಂದು ಓಡಬೇಕು, ಎಂದು ವಿರಮಿಸಬೇಕು ಎಂದು ಅರಿಯುವವನು ನಿಷ್ಠೆಯಿಂದ ಅವಧಾನಕ್ಕೆ ಏರಿದವನು. ಶರಣರು ಓಟದ ಬಗ್ಗೆ ಹೇಳಿದ ಮಾತಲ್ಲ ಇದು; ಆದರೆ ಸಾಧನೆಯ ಶಾಸ್ತ್ರವೊಂದು ಇನ್ನೊಂದು ಸಾಧನೆಗೂ ದೀಪವಾಗಬಲ್ಲುದು.

ನಿಷ್ಠೆಯನ್ನು ವೇಗದಿಂದ ಅಳೆಯಲಾಗದು ಎಂಬುದಕ್ಕೆ 2020ರ ಪ್ರಸಂಗವೊಂದಿದೆ. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ದೇಶವೆಲ್ಲ ಅವರನ್ನು ಉಸೇನ್ ಬೋಲ್ಟನಿಗೆ ಹೋಲಿಸಿತು; ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನ ಬಂದಿತು. ಕೆಸರುಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ಅವರು ವಿನಯದಿಂದ ಹಿಂದೆ ಸರಿದರು. ಪತ್ರಿಕೆಗಳಲ್ಲಿ ಕೆಲವರಿಗೆ ಅದು ಅವಕಾಶ ಬಿಟ್ಟಂತೆ ಕಂಡಿತು. ತನ್ನ ಓಟ ಯಾವ ನೆಲಕ್ಕೆ ಸೇರಿದ್ದೆಂದು ತಿಳಿದವನ ನಿರ್ಧಾರ ಅದೆಂದು ಓದುವುದೂ ಸಾಧ್ಯ. ಕೊಡಗಿನ ಅಶ್ವಿನಿ ನಾಚಪ್ಪ ಅವರದು ಇನ್ನೊಂದು ಬಗೆ. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅವರು 1991ರಲ್ಲಿ ತಮ್ಮ ಹೆಸರಿನದೇ ತೆಲುಗು ಚಿತ್ರದಲ್ಲಿ ನಟಿಸಿದರು. ಮುಂದೆ ಕೊಡಗಿನಲ್ಲಿ ಕ್ರೀಡೆಗೆ ಒತ್ತುಕೊಟ್ಟ ಶಾಲೆ ನಡೆಸಿದರು. ಟ್ರ್ಯಾಕನ್ನು ಬಿಟ್ಟ ಮೇಲೂ ‘ಓಟಗಾರ್ತಿ’ ಎಂಬ ಶಬ್ದ ಅವರನ್ನು ಬಿಡಲಿಲ್ಲ. ‘ಗಾರ್ತಿ’ ಪ್ರತ್ಯಯಕ್ಕೆ ಕಾಲವಿಲ್ಲವೆಂದು ಮೇಲೆ ಹೇಳಿದುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ಸೀಮೆಯ ಮಾತು. ಮಳೆ ಕಡಿಮೆಯಾದ ಈ ನೆಲದಲ್ಲಿ ಪೊಲೀಸ್ ನೇಮಕಾತಿಗೋ ಸೈನ್ಯದ ಭರ್ತಿಗೋ ಓಡುವ ತರುಣರನ್ನು ನಸುಕಿನಲ್ಲಿ ರಸ್ತೆಯಂಚಿನಲ್ಲಿ ಕಾಣುತ್ತೇವೆ. ಇವರು ಓಟಗಾರರೆ, ಓಡುವವರೆ? ಇವರ ಓಟಕ್ಕೆ ಕಾಲದ ಮಿತಿಯಿದೆ. ಆದೇಶ ಕೈಗೆ ಬಂದ ದಿನ ಓಟ ನಿಲ್ಲಬಹುದು. ಹಾಗೆಂದು ಇವರನ್ನು ಕೀಳಾಗಿ ಕಾಣುವುದು ಸರಿಯಲ್ಲ. ಅಂಚೆಯ ಆಳೂ ಕೂಲಿಗಾಗಿಯೇ ಓಡಿದವನು. ಹೊಟ್ಟೆಪಾಡಿನ ಓಟದಲ್ಲಿ ನಿಷ್ಠೆ ಇರಲಾರದೆಂಬುದು ಹೊಟ್ಟೆ ತುಂಬಿದವರ ಮಾತು. ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಪರಂಪರೆ ನಮ್ಮದು. ಅಲ್ಲಿ ಸಂಪಾದನೆಯೂ ಸಾಧನೆಯೂ ವಿರೋಧಿಗಳಲ್ಲ. ನೋಡಬೇಕಾದುದು ಬೇರೆ. ಆಯ್ಕೆಯ ಪಟ್ಟಿಯಲ್ಲಿ ಹೆಸರಿಲ್ಲದ ದಿನ ಇವರಲ್ಲಿ ಒಬ್ಬನು ತೆಲುಗಿನ ಅರ್ಥದಲ್ಲಿ ‘ಓಡಿ’ರುತ್ತಾನೆ. ಮರುದಿನ ನಸುಕಿನಲ್ಲಿ ಅವನು ಕನ್ನಡದ ಅರ್ಥದಲ್ಲಿ ಓಡಿದರೆ, ಎರಡು ಭಾಷೆಗಳ ನಡುವಿನ ಆ ಅರ್ಥಾಂತರವನ್ನು ಅವನು ಕಾಲಿನಿಂದ ದಾಟಿದಂತೆ.

ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ನಿಮಗೂ ಈ ಮಾತು ದೂರದ್ದಲ್ಲ. ‘ಬೇರೆ ವಿಷಯ ಸಿಗಲಿಲ್ಲವೆ?’ ಎಂದು ಕೇಳುವ ನೆಂಟರು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಗಡಿಯೂರಿನಲ್ಲಿ ಆ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಉಳಿದ ವಿಷಯಗಳಿಂದ ತಪ್ಪಿಸಿಕೊಳ್ಳಲು ಕನ್ನಡಕ್ಕೆ ಬಂದವರೂ ಇರಬಹುದು. ಅದು ಉತ್ತರಕುಮಾರನ ಓಟ. ಬಂದ ಮೇಲೆ ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿ ಅರ್ಥ ಮಾಡಿಕೊಳ್ಳುವವರೆಗೆ ಪುಸ್ತಕ ಮುಚ್ಚದೆ ಕುಳಿತರೆ, ಹೇಗೆ ಬಂದಿರೆಂಬುದು ಮುಖ್ಯವಲ್ಲ. ಉತ್ತರನೂ ಕೊನೆಗೆ ರಥದ ಮೇಲೆ ನಿಂತನು.

ಅಭ್ಯಾಸ

1. ‘ಓಡು’ ಧಾತುವಿನಿಂದ ಹುಟ್ಟಿದ ನುಡಿಗಟ್ಟುಗಳನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಅವುಗಳಲ್ಲಿ ಎಷ್ಟು ಪಲಾಯನವನ್ನು, ಎಷ್ಟು ವೇಗವನ್ನು, ಎಷ್ಟು ಯಶಸ್ಸನ್ನು ಸೂಚಿಸುತ್ತವೆ ಎಂದು ವಿಂಗಡಿಸಿ.

2. ತೆಲುಗು ಬಲ್ಲವರು ‘ಓಡು’, ‘ಪರುಗು’, ‘ಪಾರಿಪೋವು’ ಎಂಬ ಮೂರನ್ನೂ ವಾಕ್ಯಗಳಲ್ಲಿ ಬಳಸಿ, ಅವಕ್ಕೆ ಸಮಾನವಾದ ಕನ್ನಡ ವಾಕ್ಯಗಳನ್ನು ಬರೆಯಿರಿ. ಯಾವುದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ಸಾಲದು?

3. ಸಾಲಗಾರ, ಮೋಸಗಾರ, ಹಾಡುಗಾರ, ಓಟಗಾರ ಎಂಬ ನಾಲ್ಕರಲ್ಲಿ ‘ಗಾರ’ ಪ್ರತ್ಯಯ ಒಂದೇ ಕೆಲಸ ಮಾಡುತ್ತದೆಯೆ? ಶೀಲ, ವೃತ್ತಿ, ಸ್ಥಿತಿ ಎಂಬ ಭೇದಗಳನ್ನು ಗುರುತಿಸಿ.

4. ‘ಹರಿಕಾರ’ದಂತೆ ಉತ್ತಮಾರ್ಥವನ್ನು ಪಡೆದ ಇನ್ನೆರಡು ಶಬ್ದಗಳನ್ನು ಹುಡುಕಿ, ಬದಲಾವಣೆಯ ಹಿಂದಿನ ಕಾರಣವನ್ನು ಚರ್ಚಿಸಿ.

5. ಉತ್ತರಕುಮಾರನ ಪ್ರಸಂಗವನ್ನು ವಿರಾಟಪರ್ವದಲ್ಲಿ ಪೂರ್ತಿಯಾಗಿ ಓದಿ. ಓಡುವ ಉತ್ತರನಿಗೂ ಅವನನ್ನು ಹಿಡಿಯಲು ಓಡುವ ಬೃಹನ್ನಳೆಗೂ ಕವಿ ಬಳಸುವ ಕ್ರಿಯಾಪದಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ. ಉತ್ತಮವಾದ ಎರಡು ಪಟ್ಟಿಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.